ಆಯಿ ಸಾಣೆಕಲ್ಲು ಎತ್ತಿಟ್ಟ ವರ್ಷ

ಆಯಿಗೆ ಮರಾಠಿ ತಿಳಿಯುತ್ತಿರಲಿಲ್ಲ ಎಂದು ನಮ್ಮ ಮನೆಯವರೆಲ್ಲ ಹೇಳುತ್ತಾರೆ. ಆಯಿ ಎಂದರೆ ಅಪ್ಪನ ತಾಯಿ, ನನ್ನ ಅಜ್ಜಿ. ಕರಜಗಿಯ ಒಕ್ಕಲುತನದ ಮನೆಯ ಹೆಣ್ಣುಮಗಳು, ಶಾಲೆಯ ಮೆಟ್ಟಿಲು ಹತ್ತಿದವಳಲ್ಲ, ಸೊಲ್ಲಾಪುರದಲ್ಲಿ ಅಷ್ಟು ವರ್ಷ ಇದ್ದರೂ ಕನ್ನಡದಲ್ಲೇ ಉಂಡು ಕನ್ನಡದಲ್ಲೇ ಮಲಗಿದಳು. ಆ ದಿನ ನೀನು ವೇದಿಕೆಯ ಮೇಲೆ ಮರಾಠಿಯಲ್ಲಿ ಏನು ಮಾತಾಡಿದೆಯೋ ಅವಳಿಗೆ ಒಂದಕ್ಷರವೂ ಹತ್ತಲಿಲ್ಲ. ಹತ್ತದ ಮಾತಿಗೆ ಅವಳು ನೋಯುವುದಾದರೂ ಹೇಗೆ? ಇದು ಅವರ ವಾದ. ಅವ್ವ ಇದನ್ನು ಹೇಳಿದಾಗಲೆಲ್ಲ ಅಪ್ಪ ತಲೆಯಾಡಿಸುತ್ತಾನೆ. ನನ್ನ ಮೇಲಿನ ಕರುಣೆಯಿಂದ ಹೇಳುವ ಮಾತು ಎಂದು ನನಗೆ ಗೊತ್ತು. ಆದರೆ ವಾದ ಮಾಡುವುದನ್ನೇ ಕಲಿತು ಬೆಳೆದವಳು ನಾನು. ಕರುಣೆಯನ್ನು ಸಾಕ್ಷಿಯೆಂದು ಒಪ್ಪಿಕೊಳ್ಳುವುದು ನನ್ನಿಂದಾಗದು.

ಈ ವಾರವಿಡೀ ಒಂದು ವಾಸನೆ ನನ್ನನ್ನು ಕೆಲಸ ಮಾಡಗೊಡುತ್ತಿಲ್ಲ. ಕೋರ್ಟಿಗೆ ನಡೆದು ಹೋಗುವಷ್ಟು ದೂರದಲ್ಲಿ, ಮಹಡಿಯ ಮೇಲೊಂದು ಕೋಣೆ ಬಾಡಿಗೆಗೆ ಹಿಡಿದು ಒಬ್ಬಳೇ ಇದ್ದೇನೆ. ಹಿರಿಯ ವಕೀಲರೊಬ್ಬರ ಕೈಕೆಳಗೆ ಕಾಗದಪತ್ರ ಸಿದ್ಧಮಾಡುವ ಕೆಲಸ. ಕೆಳಗಿನ ಮನೆಯಲ್ಲಿ ಕೂಸು ಹುಟ್ಟಿದೆ. ಬೆಳಿಗ್ಗೆ ಎಂಟರ ಸುಮಾರಿಗೆ ಒದ್ದೆ ಕಲ್ಲಿನ ಮೇಲೆ ಬೇರು ತೇಯುವ ಸದ್ದು ಶುರುವಾಗುತ್ತದೆ, ಯಾರೋ ಒರಟು ಅಂಗೈಗಳನ್ನು ಸಾವಕಾಶ ಉಜ್ಜಿಕೊಂಡ ಹಾಗೆ. ಸದ್ದಿನ ಬೆನ್ನಿಗೆ ವಾಸನೆ ಏರಿ ಬರುತ್ತದೆ. ಮೊದಲು ಬಜೆಯ ಬೇರಿನ ಮಣ್ಣುಗಂಪಿನ ಕಹಿ, ಆಮೇಲೆ ಒಣಶುಂಠಿಯ ಘಾಟು, ಎಲ್ಲ ಮುಗಿಯಿತು ಎನ್ನುವಾಗ ಜಾಜಿಕಾಯಿಯ ಸಿಹಿ ಅಮಲು. ಬೀಗ ಕೈಯಲ್ಲಿ ಹಿಡಿದುಕೊಂಡು ಮೆಟ್ಟಿಲ ಮೇಲೆ ನಿಂತುಬಿಡುತ್ತೇನೆ. ಇಂಥ ಒಂದು ವಾಸನೆ ನಿಮಗೂ ಇದ್ದೀತು. ಅದು ಬಂದರೆ ಮನೆ ಬರುತ್ತದೆ, ಆದರೆ ಮನೆಯಲ್ಲಿ ಇದ್ದವರು ಬರುವುದಿಲ್ಲ.

ನಮ್ಮ ಮನೆ ಟಾವೆಲ್ ನೇಯುವ ಪವರ್‌ಲೂಮುಗಳ ಓಣಿಯಲ್ಲಿತ್ತು. ಆ ಖಟಖಟ ನಿಂತರೆ ಮಾತ್ರ ನಮಗೆ ಎಚ್ಚರವಾಗುತ್ತಿತ್ತು, ಕರೆಂಟು ಹೋಯಿತೆಂದು ತಿಳಿಯುತ್ತಿತ್ತು. ಅಪ್ಪ, ಅವ್ವ, ನಾನು, ನನ್ನ ಅಣ್ಣ. ಅಪ್ಪನ ತಮ್ಮ, ರೈಲ್ವೆಯಲ್ಲಿದ್ದ ಕಾಕಾ, ಅವನನ್ನು ಮದುವೆಯಾಗಿ ಬಂದ ಕಾಕು. ಎಲ್ಲರ ನಡುವೆ ಅಡಿಗೆಮನೆಯ ಕಿಟಕಿಯ ಕೆಳಗೆ ಗೋಡೆಗೊರಗಿ ಕುಳಿತ ಆಯಿ. ಅವಳ ಎಡಗಡೆ ಹಿತ್ತಾಳೆಯ ಡಬ್ಬಿ, ಬಲಗಡೆ ನಡು ಸವೆದು ತಟ್ಟೆಯಂತಾದ ಸಾಣೆಕಲ್ಲು. ನೆಗಡಿಯಾದರೆ ಓಮವನ್ನು ತವೆಯ ಮೇಲೆ ಬೆಚ್ಚಗೆ ಮಾಡಿ, ಹಳೆಯ ಧೋತರದ ಚೂರಿನಲ್ಲಿ ಕಟ್ಟಿ, ಮೂಗಿನ ಹತ್ತಿರ, ಎದೆಯ ಮೇಲೆ, ಕಿವಿಯ ಹಿಂದೆ ಒತ್ತುತ್ತಿದ್ದಳು. ಕೆಮ್ಮಿಗೆ ಮೆಣಸು, ಬೆಲ್ಲ, ಅರಿಶಿನದ ಕಷಾಯ. ಹೊಟ್ಟೆನೋವಿಗೆ ಹೊಕ್ಕಳ ಸುತ್ತ ಇಂಗಿನ ನೀರು. ಯಾವುದಕ್ಕೂ ಬಗ್ಗದ ಜ್ವರಕ್ಕೆ ಅವಳು ಮಾಡುತ್ತಿದ್ದುದು ನುಚ್ಚು. ಜೋಳಕ್ಕೆ ನೀರು ಚಿಮುಕಿಸಿ ತುಸು ಹೊತ್ತು ಬಿಟ್ಟು, ಒರಳಿಗೆ ಹಾಕಿ ಮೆಲ್ಲಗೆ ಕುಟ್ಟಿ, ಮೊರದಲ್ಲಿ ಹೊಟ್ಟು ಹಾರಿಸಿ, ಕಾಳನ್ನು ಬೀಸುಕಲ್ಲಿನಲ್ಲಿ ಒಡೆದು ಜರಡಿ ಹಿಡಿಯುತ್ತಿದ್ದಳು. ದಪ್ಪ ನುಚ್ಚನ್ನು ಮೊದಲು ಕುದಿಯುವ ನೀರಿಗೆ, ಸಣ್ಣ ನುಚ್ಚನ್ನು ಆಮೇಲೆ. ಬಹಳ ಹೊತ್ತು, ಬಹಳ ಸಣ್ಣ ಉರಿಯಲ್ಲಿ, ಕಾಳು ಕಣ್ಣು ಬಿಟ್ಟು ಒಂದನ್ನೊಂದು ಹಿಡಿದುಕೊಳ್ಳುವವರೆಗೆ. ಮೇಲೆ ಮಜ್ಜಿಗೆ, ಎಣ್ಣೆಯಲ್ಲಿ ಕೆಂಪಗೆ ಹುರಿದ ಬೆಳ್ಳುಳ್ಳಿ, ತಟ್ಟೆಯ ಅಂಚಿಗೆ ಚೂರು ಶೇಂಗಾ ಹಿಂಡಿ. ತಟ್ಟೆ ಕೊಟ್ಟು ಅವಳು ಎದ್ದು ಹೋಗುತ್ತಿರಲಿಲ್ಲ. ನಾನು ಉಂಡು ಮುಗಿಸುವವರೆಗೆ ಎದುರಿಗೆ ಕುಳಿತು, ನನ್ನ ಹಣೆಯ ಎರಡೂ ಕಡೆ ಹೆಬ್ಬೆರಳು ಒತ್ತಿ ಹಿಡಿದಿರುತ್ತಿದ್ದಳು. ಆ ಹೆಬ್ಬೆರಳುಗಳಿಗೆ ಸದಾ ಬಜೆಯ ವಾಸನೆ.

ಆದರೆ ಆಯಿಯ ಹೆಸರು ಓಣಿಯಲ್ಲಿ ನಿಂತದ್ದು ನುಚ್ಚಿನಿಂದಲ್ಲ, ಗುಟ್ಟಿಯಿಂದ. ಕೂಸುಗಳಿಗೆ ದಿನಾ ಬೆಳಿಗ್ಗೆ ಎರೆದ ಮೇಲೆ ಒಳಲೆಯಲ್ಲಿ ಕುಡಿಸುವ ಮದ್ದು ಅದು. ಕಲ್ಲಿನ ಮೇಲೆ ತಾಯಿಯ ಹಾಲಿನ ನಾಲ್ಕು ಹನಿ ಹಾಕಿ, ಡಬ್ಬಿಯಲ್ಲಿದ್ದ ಒಂದೊಂದು ಬೇರು, ಒಂದೊಂದು ಕಾಯಿಯನ್ನು ಅದರ ಮೇಲೆ ಸುತ್ತಿಸಿ ತೇಯಬೇಕು. ತೂಕವಿಲ್ಲ, ಚಮಚವಿಲ್ಲ, ಎಲ್ಲ ಸುತ್ತಿನ ಲೆಕ್ಕ. ಬಜೆ ಮೂರು ಸುತ್ತು, ಅಳಲೆಕಾಯಿ ಎರಡು, ಒಣಶುಂಠಿ ಅರ್ಧ, ಉತ್ತತ್ತಿ ಬದಾಮಿ ಕೂಸಿನ ಮೈ ನೋಡಿಕೊಂಡು, ಜಾಜಿಕಾಯಿ ಒಂದೇ ಒಂದು ಸುತ್ತು. ಎರಡಾದರೆ ಕೂಸು ಮಂಪರಿಗೆ ಬೀಳುತ್ತದೆ ಎಂದು ಅವಳಿಗೆ ಗೊತ್ತಿತ್ತು. ಹಾಗಾಗಿ ಜಾಜಿಕಾಯಿಯ ಸರದಿ ಬಂದಾಗ ಯಾರನ್ನೂ ಮಾತಾಡಗೊಡುತ್ತಿರಲಿಲ್ಲ. ಅಣ್ಣನೂ ನಾನೂ ಆ ಕಲ್ಲಿನ ಗುಟ್ಟಿ ಕುಡಿದೇ ಬೆಳೆದವರು. ಕೂಸು ಎತ್ತಿಕೊಂಡು ಪಕ್ಕದ ಓಣಿಯ ಬೀಡಿ ಕಟ್ಟುವ ಹೆಂಗಸರೂ ಬರುತ್ತಿದ್ದರು. ಅವರಲ್ಲಿ ತೆಲುಗಿನವರು, ಮರಾಠಿಯವರು, ದಖನಿ ಮಾತಾಡುವವರು, ಎಲ್ಲರೂ ಇದ್ದರು.

ಈಗ ನನ್ನ ಮೊದಲ ಆಕ್ಷೇಪ. ಇವರೆಲ್ಲರ ಜೊತೆ ಆಯಿ ಯಾವ ಭಾಷೆಯಲ್ಲಿ ಮಾತಾಡುತ್ತಿದ್ದಳು? ಸನ್ನೆಯಲ್ಲಂತೂ ಅಲ್ಲ. ಒಮ್ಮೆ ಅವಳ ಜೊತೆ ಅಕ್ಕಲಕೋಟೆಯ ಸ್ಟ್ಯಾಂಡಿನಲ್ಲಿ ಎಸ್‌ಟಿ ಬಸ್ಸು ಹತ್ತಿದ್ದೆ. ಊರಿಂದ ತಂದ ಜೋಳದ ಚೀಲಕ್ಕೆ ಕಂಡಕ್ಟರು ಬೇರೆ ಟಿಕೀಟು ಹರಿದ. ಆಯಿ ಟಿಕೀಟನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಚೀಲವನ್ನು ಎತ್ತಿ ಸೀಟಿನ ಮೇಲೆ ಕೂರಿಸಿದಳು. ಅವನು ರೇಗಿದ. ಅವಳು ಶಾಂತವಾಗಿ, "ಪೋತ್ಯಾಚಾ ತಿಕೀಟ ಗೇತಲಾಯ ನಾ ದಾದಾ, ಮಗ ತ್ಯಾಲಾ ಬಸಾಯಲಾ ಜಾಗಾ ಪಣ ದ್ಯಾ" ಎಂದಳು. ಚೀಲಕ್ಕೆ ಟಿಕೀಟು ಕೊಟ್ಟ ಮೇಲೆ ಅದಕ್ಕೆ ಕೂರಲು ಜಾಗವನ್ನೂ ಕೊಡಬೇಕಲ್ಲ! ಇಡೀ ಬಸ್ಸು ನಕ್ಕಿತು, ಕಂಡಕ್ಟರೂ ನಕ್ಕ. ಅವಳ ಪಕ್ಕ ಒತ್ತಿಕೊಂಡು ಕುಳಿತ ನಾನು, ವಾದ ಎಂದರೆ ಇದು ಎಂದು ಅಂದೇ ಕಲಿತೆ. ಇಂಥವಳಿಗೆ ಮರಾಠಿ ಹತ್ತುತ್ತಿರಲಿಲ್ಲ ಎಂದು ಹೇಳುವವರು ಇದಕ್ಕೆ ಉತ್ತರ ಕೊಡಲಿ. ಅವ್ವನ ಉತ್ತರ ಇಷ್ಟೇ: "ಬಸ್ಸಿನ ಮರಾಠಿ ಬ್ಯಾರೆ, ಸ್ಟೇಜಿನ ಮರಾಠಿ ಬ್ಯಾರೆ, ಸುಮ್ಕಿರು."

ಹತ್ತರವರೆಗೆ ಕನ್ನಡ ಶಾಲೆಯಲ್ಲಿ ಓದಿ ಹನ್ನೊಂದಕ್ಕೆ ಮರಾಠಿಯ ಕಾಲೇಜು ಸೇರಿದ ಮೇಲೆ ನಾನು ಚರ್ಚಾಸ್ಪರ್ಧೆಗಳ ಹುಚ್ಚು ಹಿಡಿಸಿಕೊಂಡೆ. ಮರಾಠಿ ಮಕ್ಕಳು ನನ್ನ ಉಚ್ಚಾರಕ್ಕೆ ನಗುತ್ತಿದ್ದರು. ಆ ನಗುವಿಗೆ ಸೇಡು ತೀರಿಸುವಂತೆ ನಾನು ದಿನಾ ಕನ್ನಡಿಯ ಮುಂದೆ ನಿಂತು ನಾಲಿಗೆ ತಿದ್ದಿಕೊಂಡೆ. ಆ ವರ್ಷದ ವಿಷಯ, ಅಜ್ಜಿಯರ ಮನೆಮದ್ದು ಜ್ಞಾನವೋ, ಮೂಢನಂಬಿಕೆಯೋ. ನನಗೆ ಬಂದದ್ದು ಮನೆಮದ್ದಿನ ವಿರೋಧ ಪಕ್ಷ. ತರಬೇತಿ ಕೊಡುತ್ತಿದ್ದ ಸರ್, "ಪುಸ್ತಕದ ಉದಾಹರಣೆ ಬೇಡ, ನಿನ್ನ ಮನೆಯದೇ ಕೊಡು, ಸಭೆ ನಂಬುತ್ತದೆ" ಎಂದಿದ್ದರು. ಆಯಿ ತಾನೂ ಬರುತ್ತೇನೆಂದು ಹಟ ಹಿಡಿದಳು. ಇಳಕಲ್ಲ ಸೀರೆ ಉಟ್ಟು, ಮೂರನೆಯ ಸಾಲಿನಲ್ಲಿ ಅವ್ವನ ಪಕ್ಕ ಕುಳಿತಳು. ನನ್ನ ಹೆಸರು ಕೂಗುವ ಮುಂಚೆ ಎದ್ದು ಬಂದು, ಸೆರಗಿನ ಗಂಟು ಬಿಚ್ಚಿ ಶುಂಠಿಬೆಲ್ಲದ ಒಂದು ಉಂಡೆ ತೆಗೆದಳು.

"ಬಾಯಾಗ ಇಟ್ಕೋಳವ್ವಾ. ನುಂಗಬ್ಯಾಡ, ದವಡಿಗೆ ಒತ್ತಿ ಹಿಡಿ. ನಿನ್ನೆಯಿಂದ ಧ್ವನಿ ಒಡದೈತಿ."

"ಆಯೀ, ಎಲ್ಲಾರೂ ನೋಡಾಕತ್ತಾರ!"

"ನೋಡ್ಲೇಳ. ಧ್ವನಿ ಬರಲಿಲ್ಲಂದ್ರ ಅವರೇನ ಬಂದು ನಿನ್ನ ಪರವಾಗಿ ಮಾತಾಡ್ತಾರೇನು?"

ಆ ಉಂಡೆಯನ್ನು ದವಡೆಗೆ ಒತ್ತಿಕೊಂಡೇ ನಾನು ವೇದಿಕೆ ಹತ್ತಿದೆ. ಧ್ವನಿ ಒಡೆಯಲಿಲ್ಲ. ನನ್ನ ಅಜ್ಜಿ ಜಾಜಿಕಾಯಿ ಒಂದು ಸುತ್ತು ಎನ್ನುತ್ತಾಳೆ, ಸುತ್ತು ಎಂದರೆ ಎಷ್ಟು ಎಂದು ಕೇಳಿದೆ. ಕಲ್ಲು ಒರಟಾಗಿದ್ದರೆ ಎಷ್ಟು, ಸವೆದಿದ್ದರೆ ಎಷ್ಟು, ಕೈ ಗಟ್ಟಿಯಾಗಿ ಒತ್ತಿದರೆ ಎಷ್ಟು? ಕೂಸು ಮಲಗಿದರೆ ಮದ್ದಿನ ಗುಣ, ಮಲಗದಿದ್ದರೆ ದೃಷ್ಟಿಯಾಯಿತು. ಯಾವತ್ತೂ ಸೋಲದ ಮದ್ದು ಇದು, ಇದಕ್ಕೆ ಪುರಾವಾ ಏನು? ಪ್ರತಿ ಮಾತಿನ ಕೊನೆಗೆ ಸಭೆಯತ್ತ ಬೆರಳು ಚಾಚಿ ಅದನ್ನೇ ಕೇಳಿದೆ: ಪುರಾವಾ ಕಾಯ? ಇಲ್ಲಿಯವರೆಗೆ ನಾನು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಕೂಸಿಗೆ ಜಾಜಿಕಾಯಿ ತೇದು ಕುಡಿಸಬಹುದೇ ಎಂದು ಇಂದು ಯಾರಾದರೂ ಕೇಳಿದರೂ ಬೇಡವೆಂದೇ ಹೇಳುತ್ತೇನೆ. ತಪ್ಪಾದದ್ದು ಆಮೇಲೆ. ಸಭೆ ಗಂಭೀರವಾಗಿ ಕೇಳುತ್ತಿತ್ತು, ಇನ್ನೂ ನಗುತ್ತಿರಲಿಲ್ಲ. ನನಗೆ ನಗು ಬೇಕಿತ್ತು. ಸೊಂಟ ಬಗ್ಗಿಸಿ, ಸೆರಗು ತಲೆಗೆ ಎಳೆದುಕೊಂಡಂತೆ ಮಾಡಿ, ಗಾಳಿಯಲ್ಲಿ ಜಾಜಿಕಾಯಿ ತೇಯುತ್ತ, ಆಯಿಯ ಮರಾಠಿಯಲ್ಲಿ ಮಾತಾಡಿದೆ. ಮಹಾಪ್ರಾಣ ನುಂಗಿದ, ಗಂಡು ಹೆಣ್ಣು ಅದಲುಬದಲಾದ, ಕನ್ನಡದ ರಾಗ ಎಳೆಯುವ ಆ ಮರಾಠಿ: "ಮಾಜಿ ಹಾತಲಾ ಸಮ್ದಾ ಮಾಹಿತ ಹಾಯ." ನನ್ನ ಕೈಗೆ ಎಲ್ಲ ಗೊತ್ತಿದೆ. ಸಭಾಗೃಹ ಬಿದ್ದು ಬಿದ್ದು ನಕ್ಕಿತು. ಯಾವ ಉಚ್ಚಾರಕ್ಕೆ ನನ್ನನ್ನು ನೋಡಿ ನಗುತ್ತಿದ್ದರೋ ಅದನ್ನೇ ನನ್ನ ಮೈಯಿಂದ ಕಳಚಿ ಅವಳ ಮೇಲೆ ಹೊದಿಸಿ, ನಾನೂ ಅವರ ಜೊತೆ ಸೇರಿ ನಕ್ಕಿದ್ದೆ. ಮೊದಲ ಬಹುಮಾನ ನನಗೇ ಬಂತು.

ಮೂರನೆಯ ಸಾಲಿನಲ್ಲಿ ಆಯಿ ಏನು ಮಾಡುತ್ತಿದ್ದಳು ಎಂದು ನಾನು ನೋಡಲಿಲ್ಲ. ಅವ್ವ ಹೇಳುವ ಪ್ರಕಾರ, ಎಲ್ಲರಂತೆ ಅವಳೂ ಚಪ್ಪಾಳೆ ತಟ್ಟಿದಳು. ರಿಕ್ಷಾದಲ್ಲಿ ಮನೆಗೆ ಹೊರಟಾಗ ಬಹುಮಾನದ ಕಪ್ಪು ಅವಳ ತೊಡೆಯ ಮೇಲಿತ್ತು. ಅದರ ಹಿಡಿಕೆಯನ್ನು ಸೆರಗಿನಿಂದ ಒರೆಸುತ್ತ ಕುಳಿತಿದ್ದಳು.

"ಆಯೀ, ಹ್ಯಾಂಗ ಮಾತಾಡ್ದೆ?" ಎಂದೆ.

"ಛಲೋ ಮಾತಾಡ್ದಿ. ಧ್ವನಿ ಎಲ್ಲೂ ಒಡೀಲಿಲ್ಲ" ಎಂದಳು. ಆಮೇಲೆ ಹೊರಗೆ ನೋಡುತ್ತ, "ಮಂದಿ ಭಾಳ ನಕ್ರು" ಎಂದಳು.

ಇದಾಗಿ ನಾಲ್ಕು ತಿಂಗಳಿಗೆ ಕಾಕು ಹಡೆದಳು. ಮದುವೆಯಾಗಿ ಏಳು ವರ್ಷಕ್ಕೆ ಹುಟ್ಟಿದ ಕೂಸು. ಗುಟ್ಟಿ ಶುರು ಮಾಡುವ ದಿನ ಕಾಕು ತಾನೇ ಸಾಣೆಕಲ್ಲು ತೊಳೆದು, ಡಬ್ಬಿ ಒರೆಸಿ, ಕೂಸನ್ನು ಮಡಿಲಲ್ಲಿಟ್ಟುಕೊಂಡು ಆಯಿಯ ಎದುರು ಕುಳಿತಳು. ಆಯಿ ಕಲ್ಲು ಮುಟ್ಟಲಿಲ್ಲ.

"ಕೈ ನಡಗತಾವವ್ವಾ. ಡಾಕ್ಟರ ಕೇಳ್ರಿ. ಅವರು ಹೇಳಿದ್ದ ಹಾಕ್ರಿ."

ಕಾಕು ಮೊದಲು ನಕ್ಕಳು, ತಮಾಷೆ ಎಂದುಕೊಂಡು. ಆಮೇಲೆ ಅವಳ ಮುಖ ಇಳಿಯಿತು. "ಅತ್ತೀ, ಮುಂಜಾನಿ ಇಪ್ಪತ್ತ ರೊಟ್ಟಿ ಬಡದ್ರಿ, ಒಂದೂ ಹರೀಲಿಲ್ಲ. ನನ್ನ ಕೂಸಿಗಷ್ಟ ನಿಮ್ಮ ಕೈ ನಡಗತಾವೇನ್ರಿ?"

ಆಯಿ ಕಲ್ಲನ್ನು ಎರಡೂ ಕೈಯಲ್ಲಿ ಎತ್ತಿ, ಕೂಸಿನ ತಲೆ ದಾಟಿಸದೆ ಸುತ್ತು ಹಾಕಿಕೊಂಡು ಹೋಗಿ, ಹಿಟ್ಟಿನ ಡಬ್ಬಿಗಳ ಹಿಂದೆ ಇಟ್ಟು ಬಂದಳು. "ಹಿರೇಮಗನ ಮಕ್ಕಳು ಅಂದ್ರ ಮಕ್ಕಳು, ನಮ್ಮವು ಕಸ" ಎಂದು ಕಾಕು ಅಳುತ್ತ ಒಳಗೆ ಹೋದಳು. ಕೈ ನಡುಗುತ್ತಿತ್ತು ಎಂದು ಅವ್ವ ಇಂದಿಗೂ ಹೇಳುತ್ತಾಳೆ. ಪಂಕ್ತಿಭೇದ ಮಾಡಿದಳು ಎಂದು ಕಾಕು ಇಂದಿಗೂ ಹೇಳುತ್ತಾಳೆ. ಎರಡೂ ಸುಳ್ಳು. ಅದೇ ಕೈ ಆ ವಾರ ಕೂಸಿಗೆಂದು ಕೌದಿ ಹೊಲಿಯುತ್ತಿತ್ತು. ಹೊಲಿಗೆ ಇರುವೆಸಾಲಿನಂತೆ ನೇರವಾಗಿತ್ತು. ನಿಜವಾದ ಕಾರಣ ಬಾಗಿಲ ಹತ್ತಿರ ಪುಸ್ತಕ ಹಿಡಿದು ನಿಂತಿತ್ತು. ಕಾಕೂ, ಇದು ನಿನ್ನ ಕೂಸಿನ ಮಾತಲ್ಲ, ನನ್ನ ಮಾತು ಎಂದು ಅಂದು ಒಂದು ವಾಕ್ಯ ಹೇಳಿದ್ದರೆ ಸಾಕಿತ್ತು. ನೂರಾರು ಜನರ ಮುಂದೆ ಏಳು ನಿಮಿಷ ತಡವರಿಸದೆ ಮಾತಾಡಿದವಳಿಗೆ ಅಡಿಗೆಮನೆಯಲ್ಲಿ ಆ ಒಂದು ವಾಕ್ಯ ಬರಲಿಲ್ಲ.

ಆ ಮಳೆಗಾಲದಲ್ಲಿ ನನಗೆ ಜ್ವರ ಬಂತು. ಆಯಿ ನುಚ್ಚು ಮಾಡಿದಳು, ಮಜ್ಜಿಗೆ ಹಾಕಿದಳು, ಬೆಳ್ಳುಳ್ಳಿ ಹುರಿದಳು. ಎಲ್ಲ ಎಂದಿನಂತೆಯೇ ಇತ್ತು. ತಟ್ಟೆಯ ಪಕ್ಕದಲ್ಲಿ ಡಾಕ್ಟರ ಗುಳಿಗೆಯನ್ನು ಚೀಟಿಯಿಂದ ಬಿಡಿಸಿ ಇಟ್ಟಳು. ಆಮೇಲೆ ಎದ್ದು ಹೊಸ್ತಿಲ ಆಚೆ ಹೋಗಿ ಕುಳಿತಳು. "ಆಯೀ, ಕಷಾಯ ಮಾಡಿಕೊಡವಾ, ಹಣಿ ಒತ್ತವಾ" ಎಂದು ಕೇಳಿದೆ. ಬೇಕೆಂದೇ ಕೇಳಿದೆ, ಅಷ್ಟು ಹೊತ್ತಿಗೆ ನನಗೆ ಭಯ ಶುರುವಾಗಿತ್ತು.

"ಅದಕ್ಕೇನ ಪುರಾವಾ ಐತೆವ್ವಾ?" ಎಂದಳು. ಕುಹಕವಿರಲಿಲ್ಲ. ಡಾಕ್ಟರ ಹತ್ತಿರ ಒಂದು ಮಾತು ಕೇಳಿ ತಿಳಿದುಕೊಳ್ಳುವವರ ಹಾಗೆ, ಮೆಲ್ಲಗೆ, ನಿಜವಾಗಿಯೂ ಕೇಳುವಂತೆ ಕೇಳಿದಳು. ನಾನು ಗುಳಿಗೆ ನುಂಗಿದೆ. ಜ್ವರ ಮೂರು ದಿನಕ್ಕೆ ಇಳಿಯಿತು, ಯಾವ ಹೆಬ್ಬೆರಳೂ ನನ್ನ ಹಣೆ ಮುಟ್ಟದೆ. ಗುಣವಾಗಲು ಅವು ಬೇಕಿರಲಿಲ್ಲ ಎಂಬುದು ಹೀಗೆ ಸಾಬೀತಾಯಿತು. ಒಂದು ವಾದವನ್ನು ಪೂರ್ತಿ ಗೆದ್ದವರ ಕೋಣೆ ಎಷ್ಟು ಖಾಲಿ ಇರುತ್ತದೆ ಎಂದು ನನಗೆ ಗೊತ್ತಾದದ್ದು ಆ ಮೂರು ದಿನಗಳಲ್ಲಿ.

ಕೂಸಿಗೆ ವರ್ಷ ತುಂಬುವ ಮುಂಚೆ ಕಾಕಾ ಹೋಟಗಿಯಲ್ಲಿ ರೈಲ್ವೆ ಕ್ವಾರ್ಟರ್ಸು ಕೇಳಿ ಪಡೆದು ಬೇರೆ ಹೋದ. ಬರೀ ಗುಟ್ಟಿಯಿಂದ ಮನೆ ಒಡೆಯಿತೆಂದು ನಾನು ಹೇಳುವುದಿಲ್ಲ. ಅಷ್ಟು ಸರಳವಾದ ಕಾರಣಗಳನ್ನು ನಾನು ನಂಬುವವಳಲ್ಲ. ಎರಡು ಸಂಸಾರಕ್ಕೆ ಆ ಮನೆ ಸಣ್ಣದಾಗಿತ್ತು, ಕಾಕಾನ ಡ್ಯೂಟಿ ಅಲ್ಲೇ ಇತ್ತು, ಸಿಟ್ಟಿಗೆ ಬೇರೆ ಸಣ್ಣಪುಟ್ಟ ಕಾರಣಗಳೂ ಇದ್ದವು. ಆದರೆ ಟೆಂಪೋಗೆ ಸಾಮಾನು ಏರಿಸುವಾಗ ಕಾಕು ಆಯಿಗೆ ನಮಸ್ಕಾರ ಮಾಡಿ, ಕೂಸನ್ನು ಅವಳ ಕೈಗೆ ಕೊಡದೆ ಹೊರಟದ್ದನ್ನು ನಾನು ನೋಡಿದೆ. ಬೀಡಿ ಕಟ್ಟುವ ಹೆಂಗಸರು ಕೂಸು ಎತ್ತಿಕೊಂಡು ಬರುವುದನ್ನು ನಿಲ್ಲಿಸಿದರು. ಕಿಟಕಿಯ ಕೆಳಗಿನ ಜಾಗ ಹಾಗೇ ಇತ್ತು, ಆಯಿಯೂ ಅಲ್ಲೇ ಇದ್ದಳು. ಆದರೆ ಯಾರೂ ಅವಳನ್ನು ಏನೂ ಕೇಳುತ್ತಿರಲಿಲ್ಲ. ಮಧ್ಯಾಹ್ನ ಕಾಲೇಜಿನಿಂದ ಬಂದರೆ ಅವಳು ಬರಿಗೈಯನ್ನು ಮಡಿಲಲ್ಲಿಟ್ಟುಕೊಂಡು ಲೂಮುಗಳ ಸದ್ದು ಕೇಳುತ್ತ ಕುಳಿತಿರುತ್ತಿದ್ದಳು. ಮುಂದೆ ಮನೆ ಕೆಡವಿ ಫ್ಲ್ಯಾಟು ಕಟ್ಟುವ ಮಾತು ಬಂದಾಗ ಆಯಿ, ಅಲ್ಲಿಯವರೆಗೆ ತಾನು ಕರಜಗಿಯಲ್ಲಿ ತಮ್ಮನ ಮನೆಯಲ್ಲಿ ಇರುತ್ತೇನೆಂದು ಹೊರಟಳು. ಫ್ಲ್ಯಾಟು ಆಯಿತು. ಅವಳು ವಾಪಸು ಬರಲಿಲ್ಲ.

ನಾನು ಕಾನೂನು ಓದಿನ ಕೊನೆಯ ವರ್ಷದಲ್ಲಿದ್ದಾಗ ಅವಳು ಹಾಸಿಗೆ ಹಿಡಿದಳು. ಎಸ್‌ಟಿ ಹಿಡಿದು ಹೋದೆ. ಕರಜಗಿಯ ಮನೆಯವರೆಲ್ಲ ತೊಗರಿ ರಾಶಿಗೆ ಹೊಲಕ್ಕೆ ಹೋಗಿದ್ದರು. ಪಡಸಾಲೆಯಲ್ಲಿ ಆಯಿ ಒಬ್ಬಳೇ ಮಲಗಿದ್ದಳು. ಅವಳ ಕಾಲ ಹತ್ತಿರ ಆಡಿನ ಮರಿಯೊಂದನ್ನು ಕಟ್ಟಿದ್ದರು. ನಾನೇ ಒಲೆ ಹೊತ್ತಿಸಿ ನುಚ್ಚು ಮಾಡಿದೆ. ಬಾಲ್ಯವಿಡೀ ನೋಡಿದ್ದೆ, ಒಮ್ಮೆಯೂ ಮಾಡಿರಲಿಲ್ಲ. ದಪ್ಪ ನುಚ್ಚನ್ನೂ ಸಣ್ಣದನ್ನೂ ಒಟ್ಟಿಗೇ ಸುರಿದೆ. ಮೇಲೆಲ್ಲ ಗಂಟು, ಒಳಗೆ ಕಾಳು ಕಾಳು. ಮಜ್ಜಿಗೆಯಲ್ಲಿ ಕಲಸಿ ಎರಡು ತುತ್ತು ಉಣಿಸಿದೆ. ಅವಳು ಬಹಳ ಹೊತ್ತು ಅಗಿದಳು.

"ವಕೀಲಗಿತ್ತಿ ಮಾಡಿದ ನುಚ್ಚು" ಎಂದಳು, ಉಸಿರು ತೆಗೆದುಕೊಂಡು. "ಹೊಟ್ಟಿಗಿ ಇಳಿವಲ್ದು. ಬಾಯಾಗ ನಿಂತು ಇನ್ನಾ ವಾದಾ ಮಾಡಾಕತ್ತೈತಿ."

ಇಬ್ಬರೂ ನಕ್ಕೆವು. ಎಷ್ಟೋ ವರ್ಷದ ಮೇಲೆ ಅವಳ ಜೊತೆ ನಕ್ಕಿದ್ದೆ. ನಗು ಇನ್ನೂ ಮುಖದ ಮೇಲಿರುವಾಗಲೇ, ಧೈರ್ಯ ಕರಗುವ ಮುಂಚೆ, ಕೇಳಿಬಿಡಬೇಕು ಅನ್ನಿಸಿತು. ಅವಳಿಗೆ ಮರಾಠಿ ತಿಳಿದಿತ್ತೋ ಇಲ್ಲವೋ ಎಂಬುದು ನನ್ನ ಪ್ರಶ್ನೆಯಾಗಿ ಉಳಿದಿರಲಿಲ್ಲ. ನನ್ನ ಮಾತನ್ನು ಒಪ್ಪಿ ಅವಳು ಗುಟ್ಟಿ ಬಿಟ್ಟಿದ್ದರೆ ನಾನು ಒಬ್ಬ ಮುದುಕಿಗೆ ಸತ್ಯ ಹೇಳಿದವಳು. ಒಂದು ಕೂಸಿಗೆ ಒಳ್ಳೆಯದೇ ಆಯಿತು. ನೊಂದು ಗುಟ್ಟಿ ಬಿಟ್ಟಿದ್ದರೆ ನಾನು ಅವಳ ಕೈಯಿಂದ ಅವಳ ಕೆಲಸ ಕಿತ್ತುಕೊಂಡು, ಆ ಕೈಯನ್ನು ಎಲ್ಲರ ಎದುರು ನಗೆಪಾಟಲು ಮಾಡಿದವಳು. ಹೊರಗಿನಿಂದ ನೋಡಿದರೆ ಎರಡೂ ಒಂದೇ ಥರ ಕಾಣುತ್ತವೆ: ಒಬ್ಬಳು ಕಲ್ಲು ಎತ್ತಿ ಡಬ್ಬಿಗಳ ಹಿಂದೆ ಇಡುತ್ತಾಳೆ, ಅಷ್ಟೇ. ವ್ಯತ್ಯಾಸ ಅವಳೊಬ್ಬಳಿಗೇ ಗೊತ್ತು. ತಟ್ಟೆ ಕೆಳಗಿಟ್ಟು ಅವಳ ಅಂಗೈ ಹಿಡಿದುಕೊಂಡೆ. ಅದಕ್ಕೆ ಈಗ ಯಾವ ವಾಸನೆಯೂ ಇರಲಿಲ್ಲ. ಅವಳು ಕಣ್ಣು ತೆರೆದೇ ಇದ್ದಳು, ನನ್ನನ್ನೇ ನೋಡುತ್ತಿದ್ದಳು. ನಾನು ಕೇಳಿದ, ಅವಳು ಉತ್ತರಿಸದೆ ಬಿಟ್ಟ ಪ್ರಶ್ನೆ ಇಷ್ಟೇ:

"ಆಯೀ, ಅವತ್ತ ನಾ ಹೇಳಿದ್ದು ಖರೇ ಅನ್ನಿಸಿ ಕಲ್ಲ ಎತ್ತಿಟ್ಟಿಯವಾ, ಇಲ್ಲಾ ನಾ ಹೇಳಿದ್ನಂತ ನೊಂದು ಎತ್ತಿಟ್ಟಿ?"